ಜಗಲಿಯ ಮೇಲಿನ ಕಾರುಗಳು

ಸುತ್ತೂರು ಜಾತ್ರೆಯ ಹೊತ್ತಿಗೆ ತವರಿಗೆ ಹೋದರೆ ನನಗೊಂದು ಕೆಲಸ ತಪ್ಪಿದ್ದಲ್ಲ, ಅವರೆಕಾಳು ಹಿದುಕುವುದು. ಜನವರಿಯ ಕೊನೆ, ಸೊಗಡವರೆಯ ಕಾಲ ಇನ್ನೂ ಮುಗಿದಿರುವುದಿಲ್ಲ. ನಡುಮನೆಯಲ್ಲಿ ನಾವು ನಾಲ್ಕೈದು ಜನ ಹೆಂಗಸರು ಪಾತ್ರೆಯ ಸುತ್ತ ಕೂತು ಕಾಳು ಹಿದುಕುತ್ತಿದ್ದರೆ, ಹೊಸ್ತಿಲಾಚೆ ಜಗಲಿಯ ಮೇಲೆ ಗಂಡಸರು ಕಾರುಗಳನ್ನು ಹಿದುಕುತ್ತಿರುತ್ತಾರೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಯಾವ ಕಾರು ಬೇಳೆ, ಯಾವುದು ಸಿಪ್ಪೆ ಎನ್ನುವುದು ಮಾತ್ರ ಇಪ್ಪತ್ತು ವರ್ಷದಿಂದ ತೀರ್ಮಾನವಾಗಿಲ್ಲ.

ನನ್ನ ತವರು ನಂಜನಗೂಡು ತಾಲ್ಲೂಕಿನ ಹದಿನಾರು. ಊರಿನ ಹೆಸರು ಹೇಳಿದರೆ ಹೊರಗಿನವರು ‘ಹದಿನಾರು ಏನು?’ ಎಂದು ಕೇಳುತ್ತಾರೆ. ಮೈಸೂರು ಅರಸರ ಮೂಲಪುರುಷ ಯದುರಾಯ ಹದಿನಾಡಿನ ಅರಸುಮಗಳನ್ನು ಕೈಹಿಡಿದು 1399ರಲ್ಲಿ ಪಟ್ಟಕ್ಕೆ ಬಂದನೆಂಬ ಐತಿಹ್ಯವಿದೆಯಲ್ಲ, ಆ ಹದಿನಾಡೇ ನಮ್ಮೂರು ಎಂದು ಹಿರಿಯರು ಎದೆಯುಬ್ಬಿಸಿ ಹೇಳುತ್ತಾರೆ. ಈಗ ಊರಿಗೆ ಹೆಸರು ತಂದಿರುವುದು ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಮೈಸೂರು, ಬೆಂಗಳೂರಿನ ಜನ ಕಾರು ಮಾಡಿಕೊಂಡು ಬರುತ್ತಾರೆ. ಬಂದವರು ಹಕ್ಕಿ ನೋಡುತ್ತಾರೆ, ನಮ್ಮ ಮನೆಯ ಗಂಡಸರು ಅವರ ಕಾರು ನೋಡುತ್ತಾರೆ.

ವಾದದ ಯಜಮಾನಿಕೆ ನಮ್ಮ ಭಾವನವರದು. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಕಬ್ಬಿಣ ಎಂದರೆ ಪ್ರಾಣ. ಅವರ ಲೆಕ್ಕದಲ್ಲಿ ಭೂಮಿಯ ಮೇಲೆ ಕಾರು ಎಂದು ಹುಟ್ಟಿದ್ದು ಒಂದೇ, ಅಂಬಾಸಿಡರ್. ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ಹೆಚ್ಚುಕಡಿಮೆ ಒಂದೇ ಮುಖ ಇಟ್ಟುಕೊಂಡು ಬಂದ ಕಾರು ಅದು. ‘ಈ ಊರಿಂದ ಮೈಸೂರು ಚೆಲುವಾಂಬ ಆಸ್ಪತ್ರೆಗೆ ಎಷ್ಟು ಬಸುರೀರ್ನ ಹೊತ್ಕೊಂಡ್ ಹೋಗಿದೆ ಗೊತ್ತೇನಯ್ಯಾ? ಹಿಂದೆ ಸೀಟಲ್ಲಿ ಮಲಗಿಸ್ಬೋದಿತ್ತು’ ಎಂಬುದು ಅವರ ಬ್ರಹ್ಮಾಸ್ತ್ರ. ದೊಡ್ಡಪ್ಪನ ಮಗ, ಬೆಂಗಳೂರಿನ ಅಣ್ಣ, ಇದಕ್ಕೆ ಸೊಪ್ಪು ಹಾಕುವವರಲ್ಲ. ‘ಅದು ಕಾರಲ್ಲ ಭಾವ, ನಾಲ್ಕು ಚಕ್ರ ಹಾಕಿದ ಬೀರು’ ಎನ್ನುತ್ತಾರೆ. ಅವರದು ಫಿಯೆಟ್ ಪಕ್ಷ. ದೊಡ್ಡಪ್ಪ ಒಂದು ಹಳೆಯ ಪದ್ಮಿನಿ ಇಟ್ಟಿದ್ದರು, ಆ ಮೋಹ. ಈಗ ಅಣ್ಣ ಓಡಿಸುವುದು ಮನೆಯಷ್ಟೆತ್ತರದ, ಮಾಡು ತೆರೆಯುವ ಗಾಡಿ. ಪಕ್ಕದ ಮನೆಯ ಟ್ಯಾಕ್ಸಿಯಾತ ಬಂದರೆ ಮಾತು ಕ್ವಾಲಿಸ್ಸಿಗೆ ತಿರುಗುತ್ತದೆ. ನಮ್ಮ ಬಿಡದಿಯಲ್ಲೇ 2000ದಲ್ಲಿ ಹುಟ್ಟಿ, ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ನಿಂತುಹೋದ ಅದನ್ನು ಆತ ಅಕಾಲದಲ್ಲಿ ಹೋದ ಮಗನ ಹಾಗೆ ನೆನೆಯುತ್ತಾನೆ. ಮಾರುತಿ 800 ಕೆಲವರಿಗೆ ಬೆಂಕಿಪೊಟ್ಟಣ, ಕೆಲವರಿಗೆ ಲಕ್ಷ್ಮಿ.

ನಮ್ಮನ್ನು ಯಾರೂ ಕೇಳುವುದಿಲ್ಲ. ಒಮ್ಮೆ ನಾನೇ ಒಳಗಿನವರನ್ನು ಕೇಳಿದೆ, ‘ನಿಮಗೆಲ್ಲ ಯಾವ ಕಾರು ಇಷ್ಟ?’ ಎಂದು. ತಮ್ಮನ ಹೆಂಡತಿ ಕಾಳಿನಿಂದ ಕಣ್ಣೆತ್ತದೆ, ‘ಯಾವ್ದಾದ್ರೇನಕ್ಕ, ವಾಂತಿ ಬರ್ದಿದ್ರೆ ಸಾಕು’ ಎಂದಳು. ಅಕ್ಕ, ಸೀರೆ ಉಟ್ಟು ಹತ್ತಿ ಇಳಿಯುವಾಗ ಮಾನ ಹೋಗದಂಥ ಕಾರು ಇಷ್ಟ ಎಂದಳು. ನಾವು ನಕ್ಕೆವು. ಆದರೆ ಗಮನಿಸಿ, ಇಬ್ಬರೂ ಕಾರಣ ಹೇಳಿದರು. ಜಗಲಿಯ ಮೇಲೆ ಕಾರಣ ಹೇಳುವ ರಿವಾಜಿಲ್ಲ. ‘ಅದರ ಮುಖಾನೇ ಸರಿಯಿಲ್ಲ’, ‘ಅದೊಂದು ಕಾರಾ?’ ಎಂದರೆ ಅಲ್ಲಿಗೆ ಮುಗಿಯಿತು.

ಇಷ್ಟಕ್ಕೆ ಕಾರಣ ಕೇಳಬಾರದು ಎಂಬುದು ನನಗೂ ಗೊತ್ತು. ನನಗೆ ಹಾಗಲಕಾಯಿ ಇಷ್ಟ, ನಮ್ಮವರಿಗೆ ಆಗದು. ಮೂವತ್ತು ವರ್ಷದ ಸಂಸಾರದಲ್ಲಿ ಒಬ್ಬರು ಇನ್ನೊಬ್ಬರಿಂದ ಅದಕ್ಕೆ ವಿವರಣೆ ಕೇಳಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಒಮ್ಮೆ ‘ನನಗೆ ಇಷ್ಟವಾದ ವಾಹನ’ ಎಂದು ಪ್ರಬಂಧ ಬರೆಸಿದೆ. ಹುಡುಗರು ತಾವು ಕಣ್ಣಲ್ಲೂ ಕಂಡಿರದ ಕಾರುಗಳ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು (ಒತ್ತಕ್ಷರ ತಪ್ಪುವುದೆಲ್ಲ ಕನ್ನಡದಲ್ಲಿ ಮಾತ್ರ). ಒಬ್ಬಳು ಸರ್ಕಾರಿ ಬಸ್ಸು ಎಂದು ಬರೆದಿದ್ದಳು. 2023ರ ಜೂನ್‌ನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಅವಳಮ್ಮ ತವರಿಗೆ ಹೋಗಿಬರುತ್ತಿದ್ದಾಳಂತೆ. ಇನ್ನೊಬ್ಬ ಬಿಸಿಯೂಟದ ಅಕ್ಕಿ ತರುವ ಟೆಂಪೋ ಎಂದಿದ್ದ. ನಾನು ಯಾರಿಗೂ ಅಂಕ ಕಳೆಯಲಿಲ್ಲ. ಇಷ್ಟದ ವಿಷಯದಲ್ಲಿ ಅಂಕ ಕಳೆಯುವುದು ಹೇಗೆ?

ಆದರೆ ‘ಇಷ್ಟವಿಲ್ಲ’ ಎಂಬುದು ಇಷ್ಟದಷ್ಟು ಸಾಧು ಮಾತಲ್ಲ ಎಂದು ನನಗೆ ಬಹಳ ಹಿಂದೆಯೇ ತಿಳಿದಿದೆ.

1994ರ ಮಾತು. ನನಗೆ ಇಪ್ಪತ್ತನಾಲ್ಕು ವರ್ಷ. ಬಿ.ಎಡ್. ಮುಗಿಸಿ ಕೆಲಸದ ದಾರಿ ಕಾಯುತ್ತಿದ್ದೆ. ಗಂಡಿನ ಕಡೆಯವರು ಬಾಡಿಗೆಯ ಅಂಬಾಸಿಡರ್ ಮಾಡಿಕೊಂಡು ಬಂದು ಇದೇ ಜಗಲಿಯ ಮೇಲೆ ಕೂತರು. ಕೇಸರಿಬಾತು, ಉಪ್ಪಿಟ್ಟು ತಿಂದರು. ಎತ್ತರ ಕೇಳಿದರು, ನಡೆಸಿ ನೋಡಿದರು, ಒಂದು ಹಾಡು ಹೇಳಿಸಿದರು. ಹುಡುಗ ಏನೂ ಕೇಳಲಿಲ್ಲ. ಎಂಟು ದಿನ ಕಳೆದು ಮಧ್ಯಸ್ಥಗಾರರಿಂದ ತಿಳಿಯಿತು, ‘ಹುಡುಗಂಗೆ ಇಷ್ಟ ಆಗ್ಲಿಲ್ವಂತೆ.’ ಅಪ್ಪ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಬಣ್ಣ ಎನ್ನುತ್ತಿದ್ದರೇನೋ. ಆಗ ಇನ್ನೂ ನೋವಾಗುತ್ತಿತ್ತೋ, ಕಡಿಮೆಯಾಗುತ್ತಿತ್ತೋ, ಇವತ್ತಿಗೂ ನನಗೆ ತಿಳಿಯದು. ಅಮ್ಮ ಮಾತ್ರ ಬೀದಿಯಲ್ಲಿ ಕೇಳಿದವರಿಗೆಲ್ಲ, ‘ಜಾತಕ ಕೂಡಿ ಬರ್ಲಿಲ್ಲ ಕಣವ್ವ’ ಎಂದು ಹೇಳಿಕೊಂಡು ಬಂದಳು. ಜಾತಕವನ್ನು ಯಾರೂ ತೆರೆದಿರಲೇ ಇಲ್ಲ.

ಸುತ್ತೂರಿನ ದನಗಳ ಜಾತ್ರೆಗೆ ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಅಲ್ಲಿಯೂ ಹೀಗೇ ನೋಡುವುದು. ಹಲ್ಲು ಎಣಿಸುವುದು, ಸುಳಿ ಹುಡುಕುವುದು, ನಡೆಸಿ ನೋಡುವುದು. ಹಳ್ಳಿಕಾರ್ ಎತ್ತು ಹಿಡಿದು ನಿಂತವನ ಮುಖವನ್ನು ಯಾರೂ ನೋಡರು. ಆದರೆ ವ್ಯಾಪಾರದ ಹೊತ್ತಿಗೆ ಒಂದು ಸೋಜಿಗ ನಡೆಯುತ್ತಿತ್ತು. ಕೊಳ್ಳುವವನೂ ದಲ್ಲಾಳಿಯೂ ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಎಷ್ಟಕ್ಕೆ ಕೇಳಿದರು, ಎಷ್ಟಕ್ಕೆ ಬಿಟ್ಟರು ಎಂಬುದು ಸುತ್ತ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ. ವ್ಯಾಪಾರದ ಗುಟ್ಟಿಗೆಂದು ಮಾಡಿಕೊಂಡ ಪದ್ಧತಿ ಅದು, ನಾನೇನೂ ಅದಕ್ಕೆ ದೊಡ್ಡ ಅರ್ಥ ಹಚ್ಚಬೇಕಿಲ್ಲ. ಆದರೂ ಎತ್ತು ಮಾರಲಾರದೆ ಸಂಜೆ ಮನೆಗೆ ಹೊಡೆದುಕೊಂಡು ಹೋಗುವ ರೈತ, ತನ್ನ ಎತ್ತನ್ನು ಎಷ್ಟು ಕಡಿಮೆಗೆ ಕೇಳಿದರೆಂಬುದನ್ನು ಊರ ಮುಂದೆ ಹೊತ್ತುಕೊಂಡು ಹೋಗಬೇಕಿರಲಿಲ್ಲ. ಅಮ್ಮನ ‘ಜಾತಕ ಕೂಡಿ ಬರ್ಲಿಲ್ಲ’ ಎಂಬುದೂ ಅಂಥದೊಂದು ಟವೆಲ್ಲು.

ಇಷ್ಟೆಲ್ಲ ಹೇಳುತ್ತಿರುವುದು ನನ್ನ ತಮ್ಮನ ಕಾರಿನ ವಿಷಯಕ್ಕೆ.

ನಿಮಗೆ ನ್ಯಾನೋ ನೆನಪಿರಬಹುದು. 2008ರ ಜನವರಿ 10ರಂದು ರತನ್ ಟಾಟಾ ಅದನ್ನು ದೆಹಲಿಯಲ್ಲಿ ಮೊದಲು ತೋರಿಸಿದಾಗ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ, ಒಂದು ಲಕ್ಷದ ಕಾರು. ಮಳೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ಕಂಡು ಈ ಯೋಚನೆ ಬಂತೆಂದು ಅವರು ಹೇಳಿದ್ದರು. ಸಿಂಗೂರಿನಲ್ಲಿ ಕಾರ್ಖಾನೆಯ ಭೂಮಿಗೆ ಜಗಳವಾಗಿ ಅಲ್ಲಿಂದ ಗುಜರಾತಿನ ಸಾಣಂದಕ್ಕೆ ಹೋದದ್ದು ಇನ್ನೊಂದು ದೊಡ್ಡ ಕಥೆ, ಆ ರೈತರ ಮಾತು ಇಲ್ಲಿ ಬೇಡ. 2009ರಲ್ಲಿ ಕಾರು ಮಾರಾಟಕ್ಕೆ ಬಂತು. ಎರಡೇ ಸಿಲಿಂಡರಿನ 624 ಸಿ.ಸಿ. ಎಂಜಿನ್ನು, ಅದೂ ಹಿಂಭಾಗದಲ್ಲಿ. ಒಂದೇ ವೈಪರು. ಚಕ್ರಕ್ಕೆ ಮೂರೇ ನಟ್ಟು. ಹಿಂದುಗಡೆ ಡಿಕ್ಕಿಯ ಬಾಗಿಲೇ ಮೊದಲು ಇರಲಿಲ್ಲ. ಒಳಗೆ ಮಾತ್ರ ಎತ್ತರದ ಸೀಟು, ತಲೆಯ ಮೇಲೆ ಧಾರಾಳ ಜಾಗ.

ನಮ್ಮವರು 2010ರಲ್ಲಿ ನಮಗೂ ಅದೇ ಸಾಕು ಎಂದರು. ನಾನು ಬೇಡವೆಂದೆ. ‘ಅದರಲ್ಲಿ ಸ್ಕೂಲಿಗೆ ಹೋದರೆ ಮಕ್ಕಳು ನಗುತ್ತಾರೆ’ ಎಂದೆ. ಮಕ್ಕಳ ಹೆಸರು ಹೇಳಿದೆನಷ್ಟೆ, ಸಹೋದ್ಯೋಗಿಗಳ ಮುಂದೆ ಅದರಿಂದ ಇಳಿಯುವ ಧೈರ್ಯ ನನಗೇ ಇರಲಿಲ್ಲ. ಕೈಬದಲಾದ ಮಾರುತಿ 800 ಕೊಂಡೆವು. ಯಾವ ಸಂಸಾರಗಳಿಗಾಗಿ ಆ ಕಾರು ಮಾಡಿದರೋ ಆ ಸಂಸಾರಗಳೇ ಅದನ್ನು ಒಲ್ಲೆ ಎಂದವು. ಕೊನೆಗೆ 2018ರಲ್ಲಿ ತಯಾರಿಕೆ ನಿಂತಿತು. ಅಗ್ಗದ ಕಾರು ಎಂಬ ಹಣೆಪಟ್ಟಿ ಅಂಟಿದ್ದೇ ಪೆಟ್ಟಾಯಿತೆಂದು 2024ರಲ್ಲಿ ತೀರಿಕೊಂಡ ಟಾಟಾ ಅವರೇ ಹಿಂದೊಮ್ಮೆ ಒಪ್ಪಿಕೊಂಡಿದ್ದರು. ಹೊಸ ಕಾರು ಕೊಳ್ಳುವವನು ನಾನೂ ಒಂದು ಮಟ್ಟಕ್ಕೆ ಬಂದೆ ಎಂದು ಹೇಳಬಯಸುತ್ತಾನೆ. ಅದನ್ನು ಅಗ್ಗದ ಕಾರಿನಿಂದ ಇಳಿದು ಹೇಳುವುದು ಹೇಗೆ? ನನಗೆ ಬೇಡವಾಗಿದ್ದು ಕಾರೇ ಅಲ್ಲ, ಅದರಿಂದ ಇಳಿಯುವ ನಾನು.

ತಮ್ಮ ಕೊಂಡ, 2011ರಲ್ಲಿ. ಅವನದು ತಿ. ನರಸೀಪುರದಲ್ಲಿ ಒಂದು ಪುಟ್ಟ ಜೆರಾಕ್ಸ್, ಸ್ಟೇಷನರಿ ಅಂಗಡಿ. ಅಮ್ಮನ ಎರಡೂ ಮೊಣಕಾಲು ಹೋಗಿದ್ದವು. ಬಸ್ಸಿನ ಮೊದಲ ಮೆಟ್ಟಿಲು ಅವಳ ಪಾಲಿಗೆ ಬೆಟ್ಟ. ಮೈಸೂರಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಬೇಕಿತ್ತು. ನ್ಯಾನೋದ ಸೀಟು ಎತ್ತರವಾದ್ದರಿಂದ ಅಮ್ಮ ಬಗ್ಗದೆ ಹಿಂದಕ್ಕೆ ತಿರುಗಿ ಹಾಗೇ ಕೂತುಬಿಡುತ್ತಿದ್ದಳು, ಕಾಲನ್ನು ತಮ್ಮ ಎತ್ತಿ ಒಳಗಿಡುತ್ತಿದ್ದ. ನಮ್ಮ ಎಂಟುನೂರರಲ್ಲಿ ಅವಳು ಕೂರುವುದೂ ಕಷ್ಟ, ಏಳುವುದು ಇನ್ನೂ ಕಷ್ಟ.

2013ರಲ್ಲಿ ಒಂದು ಮದುವೆ. ಛತ್ರದ ಮುಂದೆ ಬಂಧುಗಳ ಕಾರುಗಳ ಸಾಲಿನಲ್ಲಿ ತಮ್ಮನೂ ತನ್ನದನ್ನು ತಂದು ನಿಲ್ಲಿಸಿದ. ಬೆಂಗಳೂರಿನ ಅಣ್ಣ ಹೊರಗೆ ನಿಂತಿದ್ದರು. ‘ಏನಯ್ಯಾ, ಇದು ಕೀ ತಿರುಗಿಸಿ ಬಿಟ್ರೆ ಓಡೋದಾ, ಇಲ್ಲಾ ದಾರ ಕಟ್ಟಿ ಎಳೀಬೇಕಾ?’ ಎಂದರು. ಎಲ್ಲರೂ ನಕ್ಕರು. ಅಣ್ಣ ಕೆಟ್ಟವರಲ್ಲ. ಅಮ್ಮನ ಆಸ್ಪತ್ರೆ ಖರ್ಚಿಗೆ ಕೇಳದೆ ಕೈ ಹಾಕಿದವರು. ಮಾತು ನಿಜಕ್ಕೂ ನಗು ಬರುವಂತೆಯೇ ಇತ್ತು, ನಾನೂ ನಕ್ಕೆ. ತಮ್ಮನೂ ನಕ್ಕ.

ಮುಂದಿನ ವರ್ಷ ಇನ್ನೊಂದು ಮದುವೆ, ಬೇರೊಂದು ಛತ್ರ. ನಾನು ಬಾಗಿಲಲ್ಲಿ ನಿಂತು ಬರುವವರಿಗೆ ಪನ್ನೀರು ಹಾಕುತ್ತಿದ್ದೆ. ಬೀದಿಯ ಕೊನೆಯಿಂದ ಅಮ್ಮ ತಮ್ಮನ ತೋಳು ಹಿಡಿದು ನಡೆದು ಬರುತ್ತಿರುವುದು ಕಂಡಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ‘ಕಾರೆಲ್ಲೋ?’ ಎಂದೆ. ‘ಆ ಕಡೆ ಬೀದೀಲಿ ನಿಲ್ಸಿದೀನಿ ಅಕ್ಕ, ಇಲ್ಲಿ ಜಾಗ ಸಿಗ್ಲಿಲ್ಲ’ ಎಂದ. ಛತ್ರದ ಮುಂದೆ ನಾಲ್ಕು ಕಾರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ನಾನು ಆ ಜಾಗ ನೋಡಿದೆ, ಅಮ್ಮನೂ ನೋಡಿದಳು. ‘ನಡೆದ್ರೆ ಮಂಡಿಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳವ್ರೆ ಕಣವ್ವ’ ಎಂದು ಒಳಗೆ ಹೋದಳು. 2019ರಲ್ಲಿ ಹೋಗಿಬಿಟ್ಟಳು. ಅಲ್ಲಿಯವರೆಗೆ ಎಷ್ಟು ಮದುವೆಗಳಲ್ಲಿ ಹೀಗೆ ನಡೆದಳೋ ನಾನು ಲೆಕ್ಕ ಇಟ್ಟಿಲ್ಲ.

ಇದರಲ್ಲಿ ತಪ್ಪು ಯಾರದು ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಷ್ಟವಿಲ್ಲದ್ದನ್ನು ಇಷ್ಟವೆಂದು ಸುಳ್ಳು ಹೇಳಬೇಕಿತ್ತೇ? ಅದೂ ಒಂದು ಬಗೆಯ ಅವಮಾನವೇ. ಕನಿಕರದ ಹೊಗಳಿಕೆ ತಮ್ಮನಿಗೆ ತಿಳಿಯದೇ ಇರುತ್ತಿರಲಿಲ್ಲ. ತಮ್ಮನೇ ಸ್ವಲ್ಪ ಗಟ್ಟಿಯಾಗಿರಬೇಕಿತ್ತು ಎನ್ನಬಹುದು. ನಾನು ಗಟ್ಟಿಯಿದ್ದೆನೇ? ನಕ್ಕವರನ್ನು ಬಿಡಿ, ನಗುವರೆಂಬ ಊಹೆಗೇ ಹೆದರಿ ಬೇರೆ ಕಾರು ಕೊಂಡವಳು ನಾನು.

ಕಾರಣ ಹೇಳಿ ಬೇಡವೆಂದರೆ ಹೇಗಿರುತ್ತದೆ ಎಂದು ತಮ್ಮನ ಮಗ ತೋರಿಸಿದ. ಈಗ ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ಜಗಲಿಯ ಹೊಸ ತಲೆಮಾರು, ನಕ್ಷತ್ರಗಳ ಲೆಕ್ಕದವನು. 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲೇ ಕಾರುಗಳನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುವ ಏರ್ಪಾಡು ಬಂದಿದೆಯಂತೆ. ಅವನು ಅಪ್ಪನ ಎದುರಿಗೇ ಹೇಳಿದ, ‘ಅತ್ತೆ, 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನೋರು ಪರೀಕ್ಷೆ ಮಾಡಿದಾಗ ನ್ಯಾನೋಗೆ ಸೊನ್ನೆ ಬಂತು. ಅದರ ಜೊತೆ ನೋಡಿದ ಇನ್ನೂ ನಾಲ್ಕು ಸಣ್ಣ ಕಾರಿಗೂ ಸೊನ್ನೇನೆ. ದೊಡ್ಡ ರೋಡಲ್ಲಿ ಅದನ್ನ ಓಡಿಸ್ಬಾರ್ದು.’ ಅವರಪ್ಪ ಕಾಫಿ ಲೋಟ ಕೆಳಗಿಟ್ಟು, ‘ನಿಜ ಕಣೋ. ಆದ್ರೆ ಅದು ಬರೋಕ್ ಮುಂಚೆ ನೀನೂ ನಿಮ್ಮಮ್ಮನೂ ನನ್ ಬೈಕಲ್ಲಿ ಬರ್ತಿದ್ರಿ, ನೀನು ಪೆಟ್ರೋಲ್ ಟ್ಯಾಂಕ್ ಮೇಲೆ. ಅದಕ್ಕೆಷ್ಟು ನಕ್ಷತ್ರ?’ ಎಂದ. ಇಬ್ಬರೂ ಅರ್ಧ ಗಂಟೆ ವಾದಿಸಿದರು. ತಮ್ಮನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಆ ಜಗಲಿಯಲ್ಲಿ ಕೇಳಿಯೇ ಇರಲಿಲ್ಲ. ಮಗನ ಮಾತು ಅಣ್ಣನ ಮಾತಿಗಿಂತ ಕಠಿಣ, ಆದರೆ ಅದಕ್ಕೆ ಉತ್ತರ ಕೊಡಲು ಜಾಗವಿತ್ತು. ನಗುವಿಗೆ ಉತ್ತರವೆಲ್ಲಿದೆ? ಜೊತೆಗೆ ನಗಬೇಕು, ಇಲ್ಲವೇ ಕಾರನ್ನು ಆಚೆ ಬೀದಿಯಲ್ಲಿ ನಿಲ್ಲಿಸಬೇಕು.

ಹಾಗೆಂದು ಬೇಡವೆನ್ನುವವರೆಲ್ಲ ಕಾರಣ ಕೊಡಲೇಬೇಕೆಂದು ಕಟ್ಟಳೆ ಮಾಡಲು ಹೊರಟರೆ ಅಲ್ಲಿಯೂ ಎಡವುತ್ತೇನೆ. ಬೆಂಗಳೂರಿನ ಅಣ್ಣನ ಮಗಳಿಗೆ ಹೋದ ವರ್ಷ ಒಂದು ಸಂಬಂಧ ಬಂದಿತ್ತು. ಹುಡುಗ ಇಂಥವನೆಂದು ನನಗಷ್ಟು ನೆನಪಿಲ್ಲ, ಅವನು ಬಂದ ಕಾರು ಮಾತ್ರ ಮನೆಮಂದಿಗೆಲ್ಲ ಇಷ್ಟವಾಗಿತ್ತು. ಮಗು ಬೇಡವೆಂದಳು. ‘ಯಾಕೆ?’ ಎಂದರೆ, ‘ಇಷ್ಟ ಆಗ್ಲಿಲ್ಲ’ ಎಂದಳು. ‘ಕಾರಣ ಹೇಳು, ಒಂದಾದರೂ ಕಾರಣ ಹೇಳು’ ಎಂದು ಅಣ್ಣ ಫೋನಿನಲ್ಲಿ ನನ್ನೆದುರು ಕೂಗಾಡಿದರು, ಅಂಬಾಸಿಡರನ್ನು ಕಾರಣವಿಲ್ಲದೆ ಬೀರು ಎಂದ ಅದೇ ಅಣ್ಣ. ನಾನು, ‘ಅವಳನ್ನ ಬಿಡಿ ಅಣ್ಣ, ಅವಳು ಕಾರಣ ಹೇಳಬೇಕಾಗಿಲ್ಲ’ ಎಂದೆ. ಹೇಳಿದ ಮೇಲೆ ಯೋಚನೆಗೆ ಬಿದ್ದೆ. 1994ರಲ್ಲಿ ಜಗಲಿಯ ಮೇಲೆ ಕೂತಿದ್ದ ಆ ಹುಡುಗನಿಗೂ ಹಾಗಾದರೆ ಈ ಹಕ್ಕು ಇತ್ತಲ್ಲ? ಇತ್ತು. ಇಷ್ಟು ವರ್ಷ ಅವನ ಮೇಲಿದ್ದ ಸಿಟ್ಟು ಅವತ್ತು ಸ್ವಲ್ಪ ಸಡಿಲವಾಯಿತು. ಅವನ ಕಡೆಯವರು ನನ್ನನ್ನು ನಡೆಸಿ ನೋಡಿದರಲ್ಲ, ಆ ಸಿಟ್ಟು ಹಾಗೇ ಇದೆ. ಮಗು ತನ್ನ ಬೇಡವನ್ನು ಮನೆಯೊಳಗೆ ಹೇಳಿದಳು. ಆ ಹುಡುಗನ ಮೂಗು, ಮಾತು, ನಡೆ ಎಂದು ಊರ ಮುಂದೆ ಆಡಿಕೊಳ್ಳಲಿಲ್ಲ. ಇಷ್ಟೇ ವ್ಯತ್ಯಾಸ ಸಾಕೇ, ನನಗೆ ಪೂರ್ತಿ ಖಾತ್ರಿಯಿಲ್ಲ. ಸದ್ಯಕ್ಕೆ ನನ್ನ ಕೈಯಲ್ಲಿರುವುದು ಅಷ್ಟೇ.

2025ರ ಜಾತ್ರೆ ಮುಗಿಸಿ ಹೊರಡುವ ಬೆಳಿಗ್ಗೆ. ನಮ್ಮವರು ಹಿಂದಿನ ದಿನವೇ ನಂಜನಗೂಡಿಗೆ ಹೋಗಿದ್ದರು. ಹಿತ್ತಲಲ್ಲಿ ತಮ್ಮ ಹಲ್ಲುಜ್ಜುತ್ತಿದ್ದ. ಅಲ್ಲೇ ಟಾರ್ಪಾಲಿನ ಕೆಳಗೆ ಆ ಕಾರು. ಅಮ್ಮ ಹೋದ ಮೇಲೆ ಅವನು ಅದನ್ನು ಹೆಚ್ಚು ಹೊರಗೆ ತೆಗೆಯುವುದಿಲ್ಲ, ಮಾರುವುದೂ ಇಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾನಂತೆ. 2026ಕ್ಕೆ ಹದಿನೈದು ವರ್ಷ ತುಂಬಿದರೆ ರಿಜಿಸ್ಟ್ರೇಷನ್ ಮತ್ತೆ ಮಾಡಿಸಬೇಕು, ಗುಜರಿಗೆ ಹಾಕಿಬಿಡೋಣ ಎಂದು ಮಗನ ಹಟ.

‘ಅವತ್ತು ಛತ್ರದ ಮುಂದೆ ನಾನೂ ನಕ್ಕೆ ಕಣೋ’ ಎಂದೆ.

‘ಯಾವತ್ತಕ್ಕ?’ ಎಂದ. ನಿಜವಾಗಿಯೂ ಮರೆತಿದ್ದನೋ, ಮೇಲೊಂದು ಟವೆಲ್ಲು ಹೊದಿಸಿದನೋ ಮುಖದಿಂದ ತಿಳಿಯಲಿಲ್ಲ. ಬಾಯಿ ತೊಳೆದುಕೊಂಡು ಬಂದು, ‘ಬಸ್ ಸ್ಟಾಪಿಗೆ ಬಿಡ್ತೀನಿ ಬಾ’ ಎಂದು ಬೈಕಿನ ಕೀ ತೆಗೆದುಕೊಂಡ.

‘ಕಾರಲ್ಲಿ ಬಿಡು’ ಎಂದೆ.

ಒಂದು ಗಳಿಗೆ ನನ್ನನ್ನು ನೋಡಿ ಟಾರ್ಪಾಲು ಎಳೆದ. ಮುಂಬಾಗಿಲಿಗೆ ತಂದು ನಿಲ್ಲಿಸಿದಾಗ ಜಗಲಿಯ ಮೇಲೆ ಭಾವ, ಅಣ್ಣ, ಟ್ಯಾಕ್ಸಿಯಾತ ಎಲ್ಲ ಕೂತಿದ್ದರು. ನಾನು ಬಾಗಿಲು ತೆಗೆದು, ಬಗ್ಗದೆ, ಹಿಂದಕ್ಕೆ ತಿರುಗಿ ಕೂತೆ. ಅಣ್ಣ ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು. ಆಮೇಲೆ, ‘ಟೈರಿಗೆ ಗಾಳಿ ಕಮ್ಮಿ ಇದೆ ಕಣಯ್ಯ, ನೋಡ್ಕೊ’ ಎಂದಷ್ಟೇ ಹೇಳಿದರು. ತಮ್ಮ ಇಳಿದು ಹೋಗಿ ನೋಡಿದ. ಕಮ್ಮಿಯೇ ಇತ್ತು.